ವಾಗೀಶನ ಮುಖ

ಸುಂದರೇಶ ಜಾಹೀರಾತು ಬರೆದುಕೊಟ್ಟರೆ ಸರಕು ಉಳಿಯುವುದಿಲ್ಲ ಎಂಬ ಮಾತು ಮೈಸೂರಿನಲ್ಲಿ ಮೂವತ್ತು ವರ್ಷಗಳಿಂದ ಇತ್ತು. ಊದುಬತ್ತಿ, ತುಪ್ಪ, ಸೀರೆ ಅಂಗಡಿ, ಚುನಾವಣೆ, ಎಲ್ಲಕ್ಕೂ ಅವನದೇ ಅಕ್ಷರ, ಅವನದೇ ಬಣ್ಣ. ಹೊಸಬರು ಅವನ ಕೆಂಪನ್ನು ನಕಲು ಮಾಡಿಯೇ ಕಲಿಯುತ್ತಿದ್ದರು.

ಮೊದಲು ಹೆಸರು ತಂದದ್ದು ಅವನು ಚಿತ್ರ ಬರೆದುಕೊಟ್ಟ ಒಂದು ಜರ್ದಾ ತಂಬಾಕಿನ ಪೊಟ್ಟಣ. ಕಂಪನಿಯವರು ಮನೆಗೆ ಕಳಿಸುತ್ತಿದ್ದ ಪೊಟ್ಟಣಗಳನ್ನು ಅವನು ಒಮ್ಮೆಯೂ ಬಾಯಿಗೆ ಹಾಕಲಿಲ್ಲ. ದೇವರಾಜ ಮೊಹಲ್ಲಾದ ಮುದ್ರಣಾಲಯದಲ್ಲಿ ಅದರ ಕಾಗದ ಅಚ್ಚು ಹಾಕುತ್ತಿದ್ದ ತಮ್ಮ ವಾಗೀಶ ದಿನವೂ ಬಾಯಿಗೆ ಹಾಕಿದ.

ಐವತ್ತೆರಡಕ್ಕೆ ವಾಗೀಶನಿಗೆ ಬಾಯಿಯ ಕ್ಯಾನ್ಸರ್ ಬಂತು. ಅರ್ಧ ನಾಲಿಗೆ, ಎಡ ದವಡೆ ತೆಗೆದರು. ಅವನ ಮಾತು ಹೆಂಡತಿ ಪದ್ಮಾವತಿಗೆ ಬಿಟ್ಟರೆ ಬೇರೆಯವರಿಗೆ ತಿಳಿಯದಾಯಿತು.

ಅದೇ ವರ್ಷ ಒಂದು ಸೇವಾಸಂಸ್ಥೆ ತಂಬಾಕಿನ ವಿರುದ್ಧ ಪ್ರಚಾರ ಮಾಡಿಕೊಡಿ ಎಂದು ಸುಂದರೇಶನನ್ನು ಕೇಳಿತು. ಅವನು ಕ್ಯಾಮೆರಾ ಹಿಡಿದು ಯಾದವಗಿರಿಯಿಂದ ಕೆಸರೆಗೆ, ತಮ್ಮನ ಮನೆಗೆ ಹೋದ.

“ಫೋಟೊ ಆಸ್ಪತ್ರೆ ಒಳಗೆ ಹಾಕ್ತಾರೆ ಅಷ್ಟೆ ಕಣಮ್ಮ. ಹತ್ತು ಜನ ಡಾಕ್ಟ್ರು ನೋಡ್ತಾರೆ,” ಎಂದ ಪದ್ಮಾವತಿಗೆ.

ಅಣ್ಣ ಕೇಳಿದ್ದಕ್ಕೆ ವಾಗೀಶ ಎಂದೂ ಇಲ್ಲ ಎಂದವನಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿಟಕಿಯ ಬೆಳಕಿಗೆ ಕೂತು, ಆಗುವಷ್ಟು ನಕ್ಕ.

ಆ ನಗು ಸುಂದರೇಶನಿಗೆ ಬೇಡವಾಗಿತ್ತು. ಕಂಪ್ಯೂಟರಿನಲ್ಲಿ ತುಟಿಯ ತುದಿಯನ್ನು ಕೆಳಗೆಳೆದ. ಕಣ್ಣಿನ ಹೊಳಪು ಕುಂದಿಸಿದ. ಕೆನ್ನೆಯ ಗಾಯವನ್ನು ಒಂದಿಷ್ಟು ಅಗಲಿಸಿ ಕಪ್ಪು ಮಾಡಿದ. ಅಂಗಿ ಅಳಿಸಿದ. ಕೆಳಗೆ ಒಂದೇ ಸಾಲು ಬರೆದ: ‘ಇವನನ್ನು ಯಾರು ಮುಟ್ಟುತ್ತಾರೆ?’

ತಿಂಗಳೊಳಗೆ ಆ ಮುಖ ಸಿಟಿ ಬಸ್ಸುಗಳ ಬೆನ್ನ ಮೇಲೆ, ಸರ್ಕಲ್ಲುಗಳಲ್ಲಿ ಇಪ್ಪತ್ತು ಅಡಿ ಎತ್ತರಕ್ಕೆ ನಿಂತಿತು. ವಾಗೀಶನ ಮಗಳು ಅನನ್ಯ ಬಸ್ಸು ಬಿಟ್ಟು ಕಾಲೇಜಿಗೆ ನಡೆದೇ ಹೋಗತೊಡಗಿದಳು. ಹದಿನೈದು ವರ್ಷದಿಂದ ವಾಗೀಶನಿಗೆ ಕ್ಷೌರ ಮಾಡುತ್ತಿದ್ದವನು, “ಗಿರಾಕಿಗಳು ಹೆದರ್ತಾರೆ ಸ್ವಾಮಿ, ಮನೇಲೇ ಮಾಡ್ಕೊಂಬುಡಿ,” ಎಂದು ಬಾಗಿಲಲ್ಲೇ ತಡೆದ.

ಪದ್ಮಾವತಿ ಯಾದವಗಿರಿಗೆ ಹೋದಳು.

“ಭಾವ, ತೆಗೆಸ್ಬುಡಿ. ಮನೇಲಿ ಕನ್ನಡೀನೂ ಇಡಕ್ಕೆ ಬಿಡ್ತಿಲ್ಲ ಅವರು.”

“ಎಷ್ಟು ಜನ ತಂಬಾಕು ಬಿಟ್ಟಿದ್ದಾರೆ ಗೊತ್ತೇನಮ್ಮ? ದಿನಾ ಫೋನ್ ಬರ್ತಿದೆ.”

ಅದು ಸುಳ್ಳಾಗಿರಲಿಲ್ಲ.

“ಅವರು ತಿಂದಿದ್ದು ನೀವು ಮಾಡಿದ ಪೊಟ್ಟಣಾನೆ,” ಎಂದಳು.

“ಪೊಟ್ಟಣ ಮಾಡ್ದೆ. ತಿನ್ನು ಅಂದ್ನಾ?”

ಮಳೆಗಾಲ ಮುಗಿಯುವಷ್ಟರಲ್ಲಿ ಪೋಸ್ಟರಿಗೆ ದೊಡ್ಡ ಪ್ರಶಸ್ತಿ ಬಂತು. ಸಮಾರಂಭಕ್ಕೆ ಸುಂದರೇಶ ಕಾರು ಕಳಿಸಿದ. ನಾಲ್ಕು ಜನರ ಎದುರು ಕೇಳಿದರೆ ಅಣ್ಣ ಇಲ್ಲ ಎನ್ನಲಾರ ಎಂದುಕೊಂಡು ವಾಗೀಶ ಹೆಂಡತಿಯೊಂದಿಗೆ ಹೋದ.

ಅವನು ವೇದಿಕೆ ಹತ್ತಿದಾಗ ಸಭೆಯೆಲ್ಲ ಎದ್ದು ನಿಂತಿತು. ಮೈಕು ಹಿಡಿದು ಏನೋ ಹೇಳಿದ. ಜೊಲ್ಲು ಸುರಿಯಿತು, ಟವೆಲಿನಲ್ಲಿ ಒರೆಸಿಕೊಂಡು ಮತ್ತೆ ಅದನ್ನೇ ಹೇಳಿದ, ಇನ್ನೊಮ್ಮೆ ಹೇಳಿದ. ಮುಂದಿನ ಸಾಲಿನಲ್ಲಿದ್ದ ಪದ್ಮಾವತಿಗೆ ಸ್ಪಷ್ಟವಾಗಿ ಕೇಳಿಸಿತು: ತೆಗೆಸಣ್ಣ.

ಸುಂದರೇಶ ತಮ್ಮನಿಂದ ಮೈಕು ತೆಗೆದುಕೊಂಡ. “ಈ ಪೋಸ್ಟರ್ ಎಲ್ಲ ಊರಿಗೂ ಹೋಗ್ಲಿ ಅಂತಿದ್ದಾನೆ,” ಎಂದ.

ಚಪ್ಪಾಳೆ ನಿಲ್ಲಲೇ ಇಲ್ಲ. “ಸುಳ್ಳು ಕಣ್ರೀ,” ಎಂದು ಪದ್ಮಾವತಿ ಅಂದದ್ದು ಪಕ್ಕದ ಹೆಂಗಸಿಗೂ ಕೇಳಿಸಲಿಲ್ಲ. ಆಕೆ ಕಣ್ಣೊರೆಸಿಕೊಂಡು ಪದ್ಮಾವತಿಯ ಕೈ ಹಿಸುಕಿದಳು.

ಮೆಟ್ಟಿಲ ಬಳಿ ಪದ್ಮಾವತಿ ಭಾವನನ್ನು ತಡೆದಳು.

“ಅವರು ಹೇಳಿದ್ದು ನಿಮಗೆ ತಿಳೀಲಿಲ್ವಾ?”

“ತಿಳೀತು,” ಎಂದ ಸುಂದರೇಶ. ಫೋಟೊದವರು ಕರೆಯುತ್ತಿದ್ದರು, ಆ ಕಡೆ ಹೋದ.

ಯುಗಾದಿಯ ಹೊತ್ತಿಗೆ ಆ ಮುಖ ಮಂಡ್ಯ, ಹಾಸನದ ಬಸ್ಸುಗಳಿಗೂ ಏರಿತ್ತು. ವಾಗೀಶ ಹಗಲಿನಲ್ಲಿ ಹೊಸಿಲು ದಾಟುವುದನ್ನು ಬಿಟ್ಟ. ಪದ್ಮಾವತಿಯೊಂದಿಗೂ ಮಾತು ನಿಲ್ಲಿಸಿದ.