ಹಿತ್ತಾಳೆಯ ಸಾಂದ್ರತೆ

೧೯೮೪ರ ಆ ವರ್ಷ ಸರ್ವಮಂಗಳಮ್ಮನವರಲ್ಲಿ ತಾಳ್ಮೆ ಅನ್ನುವುದು ಪೂರ್ತಿ ಬತ್ತಿಹೋಗಿತ್ತು. ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ನಿಂತುಕೊಂಡು ತುಮಕೂರಿಗೆ ಬಂದು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತಿದ್ದರು. ಮಕ್ಕಳೋ, ಲ್ಯಾಬಿನಲ್ಲಿ ಮೊದಲು ಉತ್ತರ ಬರೆದು, ಆಮೇಲೆ ಅದಕ್ಕೆ ಹೊಂದುವ ಅಳತೆ ಹುಟ್ಟಿಸುತ್ತಿದ್ದರು. ಬೈದರೂ ಅಷ್ಟೇ, ಬಿಟ್ಟರೂ ಅಷ್ಟೇ.

ರೋಸಿಹೋದ ಆಕೆ ಒಂದು ಅಲ್ಯೂಮಿನಿಯಂ ತುಂಡಿಗೆ ಶಿರಾ ಗೇಟಿನ ಪೇಂಟರ್ ಹತ್ತಿರ ಹಳದಿ ಬಣ್ಣ ಹೊಡೆಸಿ, ಹಿತ್ತಾಳೆ ತುಂಡಿನ ಜಾಗದಲ್ಲಿಟ್ಟರು. ಕೈಗೆತ್ತಿಕೊಂಡರೆ ಸಾಕು, ಹಗುರವೆಂದು ಯಾರಿಗಾದರೂ ತಿಳಿಯಬೇಕು. ಮಕ್ಕಳು ಎತ್ತಿದರು, ಅಳೆದರು, ತೂಗಿದರು. ಸಾಂದ್ರತೆ ಎಂಟು ಪಾಯಿಂಟ್ ನಾಲ್ಕು ಎಂದೇ ಎಲ್ಲರೂ ಬರೆದರು. ಪುಸ್ತಕದಲ್ಲಿದ್ದ ಹಿತ್ತಾಳೆಯ ಲೆಕ್ಕ ಅದು.

ಕುಣಿಗಲ್ ಕಡೆಯಿಂದ ಬಂದು ಉಪ್ಪಾರಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದ ಫಾತಿಮುನ್ನೀಸಾಳ ಹಾಳೆಯಲ್ಲಿ ಮಾತ್ರ ರಬ್ಬರ್ ಉಜ್ಜಿದ ಗುರುತಿತ್ತು. ಕೆಳಗೆ ಎರಡು ಪಾಯಿಂಟ್ ಏಳು ಎಂದು ಮಸುಕಾಗಿ ಕಾಣುತ್ತಿತ್ತು. ಅದೇ ಸರಿಯುತ್ತರ.

"ಯಾಕಮ್ಮ ಅಳಿಸ್ದೆ?"

"ತಪ್ಪಾಗಿತ್ತು ಮೇಡಂ. ಎಲ್ರಿಗೂ ಒಂದು ಬಂದ್ರೆ ನಂಗೊಬ್ಳಿಗೇ ಬೇರೆ ಬಂತು."

"ತೂಕ ಮಾಡಿದ್ದು ನೀನೇ ತಾನೆ?"

"ಹೂಂ. ಮೂರ್ ಸಲ ಮಾಡ್ದೆ. ನಮ್ಮೂರ ಸ್ಕೂಲಲ್ಲಿ ಬುಕ್ಕಲ್ಲಿರೋ ಆನ್ಸರ್ ಬರ್ಲಿಲ್ಲ ಅಂದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ರು."

ಸರ್ವಮಂಗಳಮ್ಮ ಎಲ್ಲರೆದುರು ಬ್ಲೇಡಿನಿಂದ ಬಣ್ಣ ಕೆರೆದು ತೋರಿಸಿದರು. ಮಕ್ಕಳು ಕತ್ತು ಚಾಚಿ ಒಳಗಿನ ಬಿಳಿ ಲೋಹ ನೋಡಿದರು. ಈಗ ತಲೆಗೆ ಹೋಯಿತು ಅಂದುಕೊಳ್ಳುವಷ್ಟರಲ್ಲಿ ಹಿಂದಿನ ಸಾಲಿನ ಜುಂಜಪ್ಪ ಎದ್ದು ನಿಂತ.

"ಮೇಡಂ, ಎಕ್ಸಾಮಲ್ಲಿ ಯಾವ್ದು ಬರೀಬೇಕು?"

ಆಕೆ ಹಣೆ ಚಚ್ಚಿಕೊಂಡರು. ವಿಷಯ ತಿಳಿದ ವಿಭಾಗದ ಮುಖ್ಯಸ್ಥ ಗುಂಡಯ್ಯನವರು ಕರೆಸಿ, "ಮಕ್ಳಿಗೇ ಮೋಸ ಮಾಡ್ತೀರೇನ್ರೀ? ಮೊದ್ಲು ಸಿಲಬಸ್ ಮುಗಿಸ್ರಿ" ಎಂದು ಗದರಿದರು.

ಮುಂದಿನ ವಾರ ಲೋಲಕದ ಪ್ರಯೋಗ. ಗುಂಡು ತೂಗಾಡುವ ಸಮಯ ಅಳೆದು ಗುರುತ್ವವನ್ನು ಲೆಕ್ಕ ಹಾಕಬೇಕು. ಎಲ್ಲರೂ ಪುಸ್ತಕದಲ್ಲಿದ್ದ, ಸೆಂಟಿಮೀಟರ್ ಲೆಕ್ಕದ ಒಂಬೈನೂರ ಎಂಬತ್ತನ್ನೇ ಬರೆದು ಮನೆಗೆ ಹೋದರು. ಫಾತಿಮುನ್ನೀಸಾ ಹೋಗಲಿಲ್ಲ.

"ಸಾವಿರದ ನಲವತ್ತು ಬರ್ತಿದೆ ಮೇಡಂ. ಈ ಸಲಾನೂ ಏನಾದ್ರೂ ಬದಲಾಯ್ಸಿದ್ದೀರಾ?"

"ಇಲ್ಲಮ್ಮ. ಎಣಿಸೋದ್ರಲ್ಲಿ ತಪ್ಪಿದೀಯ, ಇನ್ನೊಂದ್ಸಲ ಎಣಿಸು." ಗುಬ್ಬಿ ಬಸ್ಸಿನ ಹೊತ್ತಾಗಿತ್ತು.

"ಎಣಿಸ್ದೆ. ಹೋದ್ವಾರಾನೂ ನೀವೇನೂ ಹೇಳ್ಲಿಲ್ಲ ಅಲ್ವಾ ಮೇಡಂ. ಇಲ್ಲ ಅಂದ್ರೆ ಹೆಂಗ್ ನಂಬೋದು?"

ಸರ್ವಮಂಗಳಮ್ಮನವರಿಗೆ ಮೈ ಉರಿಯಿತು. ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿ, ಸ್ಟಾಪ್‌ವಾಚನ್ನು ಕಿತ್ತುಕೊಂಡು ತಮ್ಮ ಕೈಗಡಿಯಾರದ ಪಕ್ಕ ಹಿಡಿದರು. ಕೈಗಡಿಯಾರದಲ್ಲಿ ಒಂದು ನಿಮಿಷವಾದಾಗ ಸ್ಟಾಪ್‌ವಾಚಿನ ಮುಳ್ಳು ಇನ್ನೂ ಹಿಂದಿತ್ತು.

"ಎರಡ್ರಲ್ಲಿ ಯಾವ್ದು ಸರಿ ಮೇಡಂ?" ಎಂದಳು ಹುಡುಗಿ.

ಆಕೆ ಮತ್ತೊಮ್ಮೆ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಬಸ್ಸು ತಪ್ಪಿತು. ಮಾರನೆಯ ದಿನ ಎರಡನ್ನೂ ವಾಚ್ ರಿಪೇರಿಯವರಿಗೆ ತೋರಿಸಿದಾಗ ಸ್ಟಾಪ್‌ವಾಚೇ ನಿಧಾನ, ಸಮಯ ಕಡಿಮೆ ತೋರಿಸುವುದರಿಂದಲೇ ಗುರುತ್ವ ಹೆಚ್ಚು ಬರುತ್ತಿದೆ ಎಂದು ಗೊತ್ತಾಯಿತು. ಇಷ್ಟು ವರ್ಷ ಅದೇ ವಾಚಿನಲ್ಲಿ ಬಂದ ಒಂಬೈನೂರ ಎಂಬತ್ತಕ್ಕೆಲ್ಲ ತಾವೇ ಸಹಿ ಹಾಕಿದ್ದನ್ನು ನೆನೆದು ಆಕೆಗೆ ನಾಚಿಕೆಯಾಯಿತು. ಹೊಸದು ಬೇಕೆಂದು ಕೇಳಿದರೆ ಗುಂಡಯ್ಯನವರು, "ಈ ವರ್ಷ ಆಗಲ್ಲ, ಇರೋದ್ರಲ್ಲೇ ನಡ್ಸಿ" ಎಂದರು.

ವಾರ್ಷಿಕ ಪರೀಕ್ಷೆಯಲ್ಲಿ ಫಾತಿಮುನ್ನೀಸಾಳಿಗೆ ಅದೇ ಪ್ರಯೋಗ, ಅದೇ ವಾಚು ಬಂದವು. ಸಾವಿರದ ನಲವತ್ತು ಎಂದು ಬರೆದು, ಕೆಳಗೆ ವಾಚು ನಿಧಾನವೆಂದು ಕಾರಣವನ್ನೂ ಕೊಟ್ಟಳು. ಹೊರಗಿನಿಂದ ಬಂದ ಪರೀಕ್ಷಕರು ಕಾರಣವನ್ನು ಓದದೆಯೇ ಅಂಕ ಕಳೆದರು. ಸರ್ವಮಂಗಳಮ್ಮ ಕಾರಿಡಾರಿನಲ್ಲಿ ನಿಂತು ಅವರೊಡನೆ ಜಗಳವಾಡಿದರು. ಕಳೆದ ಅಂಕ ಕಳೆದೇ ಹೋಯಿತು.

ಹುಡುಗಿ ಮೆಟ್ಟಿಲ ಹತ್ತಿರ ಕಾಯುತ್ತಿದ್ದಳು.

"ಬೇಜಾರಾಯ್ತೇನಮ್ಮ?"

"ಆಯ್ತು ಮೇಡಂ. ಬುಕ್ಕಲ್ಲಿರೋ ನಂಬರ್ ಬರೆಯೋಣ ಅಂತ ರಬ್ಬರ್ ತಗೊಂಡಿದ್ದೆ." ಅವಳು ರಬ್ಬರನ್ನು ಕಂಪಾಸ್ ಬಾಕ್ಸಿಗೆ ಹಾಕಿ, "ಅಳಿಸಕ್ಕಾಗ್ಲಿಲ್ಲ" ಎಂದಳು.