ಕೈಯಲ್ಲಿ ಏನಿತ್ತು

"ಐದು ಹಾಕ್ಬಿಡಿ, ಪಾಪ. ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ."

ಮ್ಯೂಸಿಯಂ ಕೋಣೆಯ ಬಾಗಿಲ ಬಳಿ ಕೂತಿದ್ದ ಅವನಿಗೆ ಚಿಕ್ಕಮ್ಮನ ಮಾತು ಕೇಳಿಸಿತು. ಕೇಳಿಸದವನಂತೆ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದ.

ದಪ್ಪ ಕನ್ನಡಕದ ಮುದುಕ ಅಭಿಪ್ರಾಯದ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಹನ್ನೊಂದನೆಯ ಪ್ರಶ್ನೆಯ ಎದುರು ಐದಕ್ಕೆ ಸುತ್ತು ಹಾಕಿದ. ಪ್ರಶ್ನೆಯನ್ನು ಓದಲಿಲ್ಲ. ಹಾಳೆ ಕೊಡುವಾಗ, "ಒಳ್ಳೇದಾಗ್ಲಿ ತಮ್ಮಾ" ಎಂದು ಬೆನ್ನು ತಟ್ಟಿ ಹೋದ. ಬೆನ್ನಿನ ಆ ಜಾಗ ತುಂಬ ಹೊತ್ತು ಬಿಸಿಯಾಗಿಯೇ ಇತ್ತು.

ಪ್ರಶ್ನೆ ಇದ್ದದ್ದು ಇಷ್ಟೇ: ಮ್ಯೂಸಿಯಂ ನೋಡುವಾಗ ಈ ಆ್ಯಪ್ ಬಳಸಲು ನೀವು ಎಷ್ಟು ಸಿದ್ಧರಿದ್ದೀರಿ? ಒಂದು ಎಂದರೆ ಸ್ವಲ್ಪವೂ ಇಲ್ಲ. ಐದು ಎಂದರೆ ಸಂಪೂರ್ಣವಾಗಿ.

ಆ್ಯಪು ಮಾಡುತ್ತಿದ್ದದ್ದೂ ಇಷ್ಟೇ. ಮೊಬೈಲು ಎತ್ತಿ ಹಿಡಿದರೆ ಮುರಿದದ್ದು ಕೂಡಿಕೊಳ್ಳುತ್ತಿತ್ತು. ಮೂರನೆಯ ಕೋಣೆಯ ನಡುವೆ ನಿಂತಿದ್ದ ಕಲ್ಲಿನ ಹೆಂಗಸಿಗೆ ತಲೆಯಿರಲಿಲ್ಲ, ಮೊಣಕೈಯಿಂದಾಚೆ ಕೈಗಳಿರಲಿಲ್ಲ. ಪರದೆಯ ಮೇಲೆ ಅವಳಿಗೆ ಮುಖ ಬರುತ್ತಿತ್ತು, ಕೈ ಬರುತ್ತಿತ್ತು, ಕೈಯಲ್ಲೊಂದು ದೀಪ ಹೊತ್ತಿಕೊಳ್ಳುತ್ತಿತ್ತು. ತಿದ್ದಿ ತೀಡಿದ ಒಂದು ದನಿ ಅವಳ ಕಥೆ ಹೇಳುತ್ತಿತ್ತು. ಒಂದೇ ಒಂದು ಸಣ್ಣ ದೋಷ: ಎದುರು ಯಾರಾದರೂ ಬಂದು ನಿಂತರೆ ಅದಕ್ಕೆ ತಿಳಿಯುತ್ತಿರಲಿಲ್ಲ, ಅವರನ್ನು ಮುಚ್ಚಿ ಅವರ ಮೇಲೆಯೇ ಕಲ್ಲಿನ ಚಿತ್ರ ಬರೆದುಬಿಡುತ್ತಿತ್ತು.

ಮೊದಲ ವಾರ ಜನ ಒಂದು, ಎರಡು ಹಾಕಿದರು. "ಕಣ್ಣಲ್ಲಿ ನೋಡೋಣ ಅಂತ ಬಂದ್ರೆ ಇಲ್ಲೂ ಇದೇ ಗೋಳಾ?" ಎಂದರು. ಕೈ ನೋಯುತ್ತದೆ ಎಂದರು. ಹೀಗೆ ನಲವತ್ತು ಹಾಳೆ. ಅವನು ಬಾಗಿಲ ಬಳಿ ನಿಂತೇ ಇದ್ದ.

ಆಮೇಲೆ ಚಿಕ್ಕಮ್ಮನಿಗೆ ಅವನ ಮೇಲೆ ಕನಿಕರ ಹುಟ್ಟಿತು.

ಮೂರನೆಯ ಕೋಣೆಯಲ್ಲಿ ಬಂದವರಿಗೆ ವಿವರಣೆ ಹೇಳುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ. ಕಾವಲಿನವರಿಂದ ಹಿಡಿದು ಟಿಕೆಟ್ ಹರಿಯುವವನವರೆಗೆ ಎಲ್ಲರಿಗೂ ಅವಳು ಚಿಕ್ಕಮ್ಮ. ಕೋಣೆಗೆ ಒಂದೇ ಸ್ಟೂಲು. ಅದನ್ನು ಕಾಲಿನಿಂದ ತಳ್ಳುತ್ತ ಬಾಗಿಲವರೆಗೆ ತಂದಿದ್ದಳು.

"ಕೂತ್ಕೊಳ್ಳಿ ಮೇಷ್ಟ್ರೇ. ನನಗೆ ನಿಂತೇ ಅಭ್ಯಾಸ."

"ನಾನು ಮೇಷ್ಟ್ರಲ್ಲ."

"ಕೈಯಲ್ಲಿ ಹಾಳೆ, ಪೆನ್ನು. ಇನ್ನೇನು ಬೇಕು?" ಎಂದು ಹಾಳೆಗಳ ಮೇಲೆ ಬಗ್ಗಿ ನೋಡಿದಳು. "ಅಯ್ಯೋ, ಇದೇನು ಎಲ್ಲ ಒಂದು, ಎರಡು? ಐದಕ್ಕೆ ಒಂದಾ? ಹೀಗಾದ್ರೆ ನಿಮ್ಮನ್ನ ಪಾಸು ಮಾಡೋರ್ಯಾರು?"

ಅದು ತನಗೆ ಜನ ಕೊಡುವ ಅಂಕವಲ್ಲ ಎಂದು ಆಗಲೇ ಹೇಳಬಹುದಿತ್ತು. ಅವನು ನಕ್ಕ. ಆ ನಗುವಿಗೆ ಇವತ್ತಿಗೆ ಹನ್ನೆರಡು ದಿನ. ಅವತ್ತಿನಿಂದ ಅವಳು ತನ್ನ ವಿವರಣೆ ಮುಗಿಸಿ, ಪ್ರತಿಯೊಬ್ಬರನ್ನೂ ಕೈಹಿಡಿದು ಅವನ ಬಳಿಗೆ ಕರೆತರುತ್ತಿದ್ದಳು. ಜನ ಅವಳ ಮುಖ ನೋಡಿ ಐದು ಹಾಕುತ್ತಿದ್ದರು.

ಅವಳಿಗೆ ಗೊತ್ತಿಲ್ಲದ್ದು, ಅವನಿಗೆ ಮೊದಲ ದಿನವೇ ಗೊತ್ತಿದ್ದದ್ದು: ನೂರಕ್ಕೆ ಎಪ್ಪತ್ತೈದು ಜನ ಐದು ಹಾಕಿದರೆ ಆ್ಯಪು ಉಳಿಯುತ್ತದೆ, ವಿವರಣೆಯವರು ಹೋಗುತ್ತಾರೆ. ಆ್ಯಪು ಉಳಿದರೆ ಅದನ್ನು ನೋಡಿಕೊಳ್ಳಲು ಅವನೂ ಉಳಿಯುತ್ತಾನೆ.

ಮಧ್ಯಾಹ್ನ ಹೆಂಡತಿಯ ಫೋನು ಬಂತು.

"ಇವತ್ತೇ ಕೊನೇ ದಿನ ಅಲ್ವಾ? ಜನ ಏನಂದ್ರು?"

"ಐದು ಹಾಕಿದ್ದಾರೆ."

"ಮತ್ತೆ ಯಾಕ್ರೀ ಸತ್ತವರ ಮನೇಲಿ ಮಾತಾಡಿದ ಹಾಗೆ ಮಾತಾಡ್ತೀರಿ?"

"ಸಿಗ್ನಲ್ ಇಲ್ಲ," ಎಂದು ಇಟ್ಟುಬಿಟ್ಟ. ಸಿಗ್ನಲ್ ತುಂಬ ಚೆನ್ನಾಗಿತ್ತು.

ಒಳಗೆ ಚಿಕ್ಕಮ್ಮ ಒಬ್ಬ ತಾಯಿಯನ್ನೂ ಮಗಳನ್ನೂ ಕಲ್ಲಿನ ಹೆಂಗಸಿನ ಎದುರು ನಿಲ್ಲಿಸಿಕೊಂಡಿದ್ದಳು. ಅವಳ ವಿವರಣೆಯಲ್ಲಿ ವಿವರಗಳೇ ಇರುತ್ತಿರಲಿಲ್ಲ. ಒಂದು ಪ್ರಶ್ನೆ ಇರುತ್ತಿತ್ತು.

"ಇವಳ ಕೈಯಲ್ಲಿ ಏನಿತ್ತು, ಹೇಳಿ ನೋಡೋಣ?"

"ಬೆಕ್ಕು," ಎಂದಳು ಹುಡುಗಿ.

"ಬೆಕ್ಕಾ? ಹಾಗಾದ್ರೆ ಮುಖ ಎಲ್ಲಿ ನೋಡ್ತಿತ್ತು?"

ಹುಡುಗಿ ಇಲ್ಲದ ಬೆಕ್ಕನ್ನು ತೋಳಲ್ಲಿ ಹಿಡಿದು ತಲೆ ಬಗ್ಗಿಸಿದಳು. ತಾಯಿ ಸುಮ್ಮನೆ ನೋಡುತ್ತಿದ್ದವಳು ಎರಡೂ ಕೈ ಮುಂದೆ ಚಾಚಿದಳು. "ನನಗೇನೋ, ಏನೂ ಇರಲಿಲ್ಲ ಅನ್ಸುತ್ತೆ. ಕೇಳ್ತಾ ಇದ್ಳು."

"ಇರಬಹುದು," ಎಂದಳು ಚಿಕ್ಕಮ್ಮ. ದೀಪ ಎಂದು ಹೇಳಿದವರಿಗೂ ಅವಳು ಅಷ್ಟೇ ಹೇಳುತ್ತಿದ್ದಳು.

ಅವರಿಬ್ಬರೂ ಐದು ಹಾಕಿ ಹೋದರು. ನೂರ ತೊಂಬತ್ತೊಂಬತ್ತಾಯಿತು. ಇನ್ನೂರು ತುಂಬಲು ಒಂದು ಹಾಳೆ ಉಳಿಯಿತು.

"ಚಿಕ್ಕಮ್ಮಾ," ಎಂದ ಅವನು. "ಇದು ನನಗೆ ಕೊಡೋ ಅಂಕ ಅಲ್ಲ."

"ಮತ್ಯಾರಿಗೆ?"

"ಆ್ಯಪಿಗೆ."

"ನಿಮ್ಮದೇ ತಾನೇ ಅದು?"

"ನಾನು ಮಾಡಿದ್ದಲ್ಲ."

"ಮಾಡದಿದ್ರೇನು, ಹೊತ್ಕೊಂಡು ನಿಂತಿದ್ದೀರಲ್ಲ." ಹಾಳೆಗಾಗಿ ಕೈಚಾಚಿದಳು. "ಒಂದು ಕಮ್ಮಿ ಇದೆ ಅಲ್ವಾ? ನಂದೂ ಇರ್ಲಿ, ಕೊಡಿ."

ಸಿಬ್ಬಂದಿ ಇದನ್ನು ತುಂಬಬಾರದು ಎಂದು ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅಚ್ಚು ಮಾಡಿಸಿದವನು ಅವನೇ. ಹಾಳೆಯ ಜೊತೆಗೆ ಪೆನ್ನನ್ನೂ ಕೊಟ್ಟ.

ಸ್ಟೂಲಿನಿಂದ ಏಳಬೇಕೆನ್ನಿಸಿತು. ಎದ್ದರೆ ಯಾಕೆ ಎದ್ದೆ ಎಂದು ಹೇಳಬೇಕಾಗುತ್ತದೆ. ಅವಳು ನಿಂತೇ, ಸ್ಟೂಲಿನ ಅಂಚಿಗೆ ಹಾಳೆಯನ್ನು ಆನಿಸಿ, ಐದಕ್ಕೆ ಸುತ್ತು ಹಾಕಿದಳು. ಸುತ್ತು ಸೊಟ್ಟಗಾಯಿತೆಂದು ಅದರ ಮೇಲೆಯೇ ಇನ್ನೊಂದು ಸುತ್ತು. ಉದ್ಯೋಗ ಎಂಬಲ್ಲಿ ಸ್ವಲ್ಪ ಯೋಚಿಸಿ, ‘ಇಲ್ಲೇ’ ಎಂದು ಬರೆದಳು.

ಮೂರು ಗಂಟೆಗೆ ನಿರ್ದೇಶಕಿಯ ಮೇಜಿನ ಮೇಲೆ ಕಟ್ಟು ಇಟ್ಟಾಗ ಆ ಹಾಳೆಯೇ ಮೇಲಿತ್ತು. ಅವರ ಕಣ್ಣಿಗೆ ಬೀಳದಿರಲಿ ಎಂದುಕೊಂಡ. ಮರುಕ್ಷಣ, ಬೀಳಲಿ ಎಂದುಕೊಂಡ. ಅವರು ಕಟ್ಟನ್ನು ಬೋರಲು ಹಾಕಿ ಕೆಳಗಿನಿಂದ ತಿರುವತೊಡಗಿದರು.

"ಮೊದಲ ನಲವತ್ತು ಯಾಕೆ ಹೀಗೆ?"

"ಜನಕ್ಕೆ ಆಗ ಅಭ್ಯಾಸ ಇರಲಿಲ್ಲ."

"ಆಮೇಲೆ?"

"ಆಮೇಲಿನವೆಲ್ಲ ಐದು. ಅವರವರೇ ಕೈಯಾರೆ ಹಾಕಿದ್ದು."

ಹೇಳಿದ ಕೊನೆಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂಬುದು ಅವನ ಗಮನಕ್ಕೆ ಬಂತು.

"ನೂರಕ್ಕೆ ಎಂಬತ್ತು," ಎಂದರು ನಿರ್ದೇಶಕಿ, ಕಟ್ಟನ್ನು ಪೂರ್ತಿ ತಿರುವದೆಯೇ ಬದಿಗಿಟ್ಟು. "ಸಂತೋಷ. ವಿವರಣೆಯವರಿಗೆ ಸೋಮವಾರ ಪತ್ರ ಕೊಡೋಣ. ಮೂರನೇ ಕೋಣೆಯ ಆಯಮ್ಮನಿಗೆ ನೀವೇ ಸ್ವಲ್ಪ ಮೆತ್ತಗೆ ಹೇಳ್ತೀರಾ? ನಿಮಗೂ ಅವರಿಗೂ ಸಲುಗೆ ಅಂತಾರೆ."

"ಸಲುಗೆ ಅಂತೇನಿಲ್ಲ," ಎಂದ ಅವನು.

ಹಿಂದಿರುಗಿದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಚಿಕ್ಕಮ್ಮ ಸ್ಟೂಲಿನ ಪಕ್ಕ ನಿಂತಿದ್ದಳು. ಖಾಲಿಯಿದ್ದರೂ ಕೂತಿರಲಿಲ್ಲ.

"ಪಾಸಾ?"

"ಹೂಂ."

"ನಾನು ಹೇಳಿರಲಿಲ್ವಾ!" ಎಂದು ಕೈತಟ್ಟಿದಳು. ಬರಿಯ ಗೋಡೆಗಳ ಕೋಣೆಯಲ್ಲಿ ಆ ಚಪ್ಪಾಳೆ ಹತ್ತು ಜನರದ್ದೆಂಬಂತೆ ಕೇಳಿಸಿತು. "ಈಗ ನನಗೊಂದು ಕೆಲಸ ಮಾಡ್ಕೊಡಿ. ಇಷ್ಟು ವರ್ಷ ಆಯ್ತು, ಇವಳ ಜೊತೆ ನಂದೊಂದು ಫೋಟೋ ಇಲ್ಲ. ನಿಮ್ಮ ಮೊಬೈಲಲ್ಲಿ ತೆಗೀರಿ. ಕೂತ್ಕೊಂಡೇ ತೆಗೀರಿ, ಪರವಾಗಿಲ್ಲ. ಸುಸ್ತಾಗಿದ್ದೀರಿ."

ಸ್ಟೂಲನ್ನು ಕಾಲಿನಿಂದ ಅವನತ್ತ ತಳ್ಳಿದಳು. ಸೆರಗು ಸರಿಮಾಡಿಕೊಂಡು ಕಲ್ಲಿನ ಹೆಂಗಸಿನ ಮುಂದೆ ನೆಟ್ಟಗೆ ನಿಂತಳು.

ಅವನು ಕೂತ. ಮೊಬೈಲು ಎತ್ತಿದ. ಬೆಳಗಿನಿಂದ ತೆರೆದೇ ಇದ್ದ ಆ್ಯಪು ತನ್ನ ಕೆಲಸ ಶುರುಮಾಡಿತು. ಕುತ್ತಿಗೆಯ ಮೇಲೆ ನುಣುಪಾದ ಮುಖ ಎದ್ದಿತು. ಮೊಣಕೈಗಳಿಂದ ಕೈಗಳು ಮುಂದಕ್ಕೆ ಬಂದವು. ಕೈಯಲ್ಲಿ ದೀಪ ಹೊತ್ತಿಕೊಂಡಿತು. ಚಿಕ್ಕಮ್ಮ ಎಲ್ಲೂ ಇರಲಿಲ್ಲ. ಪೀಠದ ಅಂಚಿನಲ್ಲಿ ಅವಳ ಚಪ್ಪಲಿಯ ತುದಿಯೊಂದು ಮಾತ್ರ ಉಳಿದಿತ್ತು.

"ಬಂದೆನಾ ಮೇಷ್ಟ್ರೇ?" ಎಂದು ಕಲ್ಲಿನೊಳಗಿನಿಂದ ದನಿ ಕೇಳಿತು.

ಮೊಬೈಲು ಕೆಳಗಿಳಿಸಿದರೆ ಅವಳ ಮುಖ ಕಾಣುತ್ತದೆ.

"ಬಂದಿರಿ," ಎಂದ ಅವನು. ಕೈ ನೋಯತೊಡಗಿತ್ತು.

"ಮುಖ ಸರಿಯಾಗಿ ಬಿತ್ತಾ?"

ದೀಪ ಅಲ್ಲಾಡದೆ ಉರಿಯುತ್ತಿತ್ತು.

"ಇನ್ನೂ ಸ್ವಲ್ಪ ಹೊತ್ತು ಹಾಗೇ ಇರಿ," ಎಂದ.