ಅಳಿವ್ಯಾಗ ಚರಗ

ಸೀಗಿ ಹುಣ್ಣಿವಿ ದಿನ ತಿಳವಳ್ಳಿ ಊರಿನ ವೀರವ್ವ ಸಮುದ್ರದ ದಂಡಿಗೆ ಕುಂತಿದ್ಲು ಅಂದ್ರ ಯಾರರ ನಂಬ್ತಾರೇನ್ರಿ? ಆದ್ರ ಕುಂತಿದ್ಲು. ಕುಮಟಾದ ಹತ್ರ, ಅಘನಾಶಿನಿ ಹೊಳಿ ಸಮುದ್ರ ಸೇರೋ ಅಳಿವ್ಯಾಗ, ತೊಡಿ ಮ್ಯಾಲ ಬುತ್ತಿ ಗಂಟು ಇಟ್ಕೊಂಡು, ಮಾರಿ ಗಂಟು ಹಾಕ್ಕೊಂಡು.

ಕರಕೊಂಡು ಬಂದಾಂವ ಅಳಿಯ ರವಿಕುಮಾರ. ಶಿಗ್ಗಾಂವ್ಯಾಗ ಫೋಟೋ ಸ್ಟುಡಿಯೋ ಇಟ್ಟಾನ, ಹಕ್ಕಿ ಹುಚ್ಚ. ಹುಣ್ಣಿವಿಗೆ ಸಮುದ್ರದ ನೀರು ಭಾಳ ಹಿಂದ ಸರಿತೈತಂತ, ದೂರ ದೇಶದ ಹಕ್ಕಿ ಬಂದು ಕೆಸರಾಗ ಮೇಯ್ತಾವಂತ. ಸೊಸಿ ರಾಜಶ್ರೀಗೂ ಅದ ಹುಚ್ಚು. ಕೆಂಪು ಚುಂಚಿನ ಕರಿ-ಬಿಳಿ ಹಕ್ಕಿ ಒಂದನ್ನ ನೋಡಬೇಕಂತ ವರ್ಷಗಟ್ಟಲೆ ಒದ್ದಾಡಾಕತ್ತಾಳ. ರವಿಕುಮಾರ ಸಿಕ್ಕಾಗೊಮ್ಮೆ ಆ ಹಕ್ಕಿ ಫೋಟೋ ತೋರಿಸಿ, "ಅದು ನನಗಷ್ಟ ದರ್ಶನ ಕೊಡತೈತವಾ ತಂಗಿ" ಅಂತ ಅಕಿ ಹೊಟ್ಟಿ ಉರಸ್ತಾನ.

ವೀರವ್ವನ ಸಂಕಟ ಬ್ಯಾರೆ. ಮುಂಜಾನೆ ಹೊಲದಾಗ ಭೂಮಿತಾಯಿಗೆ ಎಡಿ ಹಿಡದು, ಅದನ್ನ ಹೊಲದ ತುಂಬ ಚರಗ ಅಂತ ಚೆಲ್ಲಿದ್ದು ಖರೆ. ಆದ್ರ ಚೆಲ್ಲುವಾಗ ಒಬ್ಬರು "ಹುಲ್ಲುಲ್ಲಿಗ್ಯೋ" ಅಂತ ಕೂಗಬೇಕು, ಹಿಂದಿನವರು "ಚಲಾಂಬ್ರಿಗ್ಯೋ" ಅನ್ನಬೇಕು. ಕೂಗೋ ಗಂಡ ಅಜ್ಜಪ್ಪಗ ಜ್ವರ ಬಂದು ಗಂಟಲಾ ಕಟ್ಟಿತ್ತು. ಮಗ ಚನ್ನೇಶನ್ನ ಕೂಗಂದ್ರ, "ಮೊಬೈಲ್‌ನಾಗ ಹಚ್ಚಲೇನು?" ಅಂದ ಭಾಡ್ಯಾ. ಹಲ್ಲು ಹೋದ ವೀರವ್ವನ ಬಾಯಾಗ ಬರೀ ಗಾಳಿ. ಕೂಗದ ಎಡಿ ಭೂಮಿತಾಯಿಗೆ ಮುಟ್ಟೂದಿಲ್ಲಂತ ಅಕಿಗೆ ಒಂದ ಕೊರಗು. ಅದಕ್ಕ ಅರ್ಧ ಎಡಿ ಉಳಿಸಿ ಕಟ್ಕೊಂಡು ಬಂದಿದ್ಲು. ಭೂಮಿತಾಯಿ ಕುಮಟಾದಾಗೂ ಅಕೀನ ಅಲ್ಲೇನು?

ಇಲ್ಲಿ ನೋಡಿದ್ರ ಅಳಿಯಂದು ಕಟ್ಟಪ್ಪಣೆ. "ಅತ್ತಿಯಾರ, ಕೆಮ್ಮಬ್ಯಾಡ್ರಿ ಸೈತ." ಅಂದು ಕ್ಯಾಮೆರಾ ಹಿಡದು, ಹೊಟ್ಟಿ ಮ್ಯಾಲ ತೆವಳಕೋತ ಹಕ್ಕಿ ಹಿಂಡಿನ ಕಡೆ ಹೊಂಟ. ಅಳಿಯಗ ಎದುರು ಮಾತಾಡಾಕ ಬರ್ತೈತೇನು?

ಬಿಸಲು ಇಳೀತು. ರಾಜಶ್ರೀ ದುರ್ಬೀನು ಇಳಿಸಿ, "ಈ ವರ್ಷಾನೂ ಇಲ್ಲ ಬಿಡ್ರಿ ಅತ್ತಿ" ಅಂತ ಕಣ್ಣಾಗ ನೀರು ತಂದ್ಲು.

"ಇಲ್ಲಿ ಕೊಡು." ವೀರವ್ವ ದುರ್ಬೀನು ಇಸಗೊಂಡು, ಅಳಿಯ ಹೋದ ದಿಕ್ಕು ಬಿಟ್ಟು ಬಲಕ್ಕ ತಿರುವಿದ್ಲು. ಕರಿಗಲ್ಲಿನ ಮಗ್ಗಲಾಗ ಕೆಂಪು ಚುಂಚು. ಮಾರಿ ಮ್ಯಾಲಿನ ಗಂಟು ಬಿಚ್ಚಿತು.

"ಹಕ್ಕಿ ತೋರಿಸಿದ್ರ ಏನು ಕೊಡ್ತಿ?"

"ಏನು ಕೇಳ್ತೀರಿ ಅದು."

"ಚರಗ ಕೂಗಬೇಕು."

ರಾಜಶ್ರೀ ಗಾಬರಿ ಆದ್ಲು. "ಗಂಡಸರು ಕೂಗೂದಲ್ರಿ ಅದು? ಹಕ್ಕಿ ಹಾರಿದ್ರ ರವಿ ಅಣ್ಣಾರು ನನ್ನ ಇಲ್ಲೇ ಹುಗದ ಹಾಕ್ತಾರ."

"ಹಂಗಾರ ದುರ್ಬೀನು ನನ್ನ ಕಡೇನ ಇರ್ಲಿ."

ರಾಜಶ್ರೀ ಸೋತ್ಲು. ದುರ್ಬೀನು ತಗೊಂಡು ಕಣ್ಣು ತುಂಬ ನೋಡಿದ್ಲು. ಆ ಹಕ್ಕಿ ಕೆಸರಾಗ ಚುಂಚು ಚುಚ್ಚಿ ಚಿಪ್ಪು ಎತ್ತಿದ್ದನ್ನೂ ನೋಡಿದ್ಲು. ಆಮ್ಯಾಲೆ ಎದ್ದು ಸೆರಗು ಕಟ್ಟಿ, ಬುತ್ತಿ ಗಂಟು ಬಿಚ್ಚಿ, ಕಡಬು, ಪುಂಡಿಪಲ್ಲೆ ಮುಟಿಗಿ ತುಂಬ ಹಿಡದ್ಲು. ಕೊಟ್ಟ ಮಾತು ತಪ್ಪೋ ಪೈಕಿ ಅಲ್ಲ ಅಕಿ.

"ಹುಲ್ಲುಲ್ಲಿಗ್ಯೋ..."

ಕೂಗಕೋತ ಕೆಸರಾಗ ಚರಗ ಚೆಲ್ಲಿದ್ಲು. ಎಂಥಾ ದನಿ ಅಂತೀರಿ! ಅಳಿವಿಗೆ ಅಳಿವೀನ ಎದ್ದು ಹಾರಿತು. ರವಿಕುಮಾರ ಇನ್ನೇನು ಗುಂಡಿ ಒತ್ತಬೇಕು, ಮುಂದ ಬರೀ ಕೆಸರು. ಎದಿಯಿಂದ ಮೊಣಕಾಲ ತನಕ ರಾಡಿ ಬಡಕೊಂಡು ಎದ್ದ, ಬೈಯಾಕ ಬಾಯಿ ತಗದ. ವೀರವ್ವ ತಲಿ ಮ್ಯಾಲ ಸೆರಗು ಹೊದ್ದು, ಏನೂ ಗೊತ್ತಿಲ್ಲದವರಂಗ ನೆಲಾ ನೋಡಿದ್ಲು.

ಆದ್ರ ಸಣ್ಣಾಂವ ಇದ್ದಾಗಿಂದ ಅಪ್ಪನ ಹಿಂದ ಚರಗಕ್ಕ ಹೊಲ ಸುತ್ತಿದ ಬಾಯಿ ರವಿಕುಮಾರಂದು. ತಗದ ಬಾಯಾಗಿಂದ ಬೈಗಳ ಬರಲಿಲ್ಲ.

"ಚಲಾಂಬ್ರಿಗ್ಯೋ..." ಅಂದುಬಿಟ್ಟ.

ಎಡಿ ಮುಟ್ಟಿತು. ವೀರವ್ವ ಬುತ್ತಿಯಾಗ ಉಳಿದ ಒಂದು ಕಡಬು ಅಳಿಯನ ಕೈಯಾಗ ಇಟ್ಟು, "ನಿಮ್ಮ ದನಿ ಭಾಳ ಛೊಲೋ ಐತ್ರಿ. ಬರೋ ವರ್ಷ ನಮ್ಮ ಹೊಲಕ್ಕ ಬರ್ರಿ" ಅಂದ್ಲು.